ನ್ಯಾಯಪೀಠವೂ ರಾಜಕಾರಣವೂ: ಪ್ರಜಾಪ್ರಭುತ್ವದಲ್ಲಿ ನ್ಯಾಯಾಧೀಶರ ಪಾತ್ರ

1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ ಒಂದು ತೀರ್ಪು ನೀಡಿತು. ಮರುದಿನವೇ ಕೇಂದ್ರ ಸರ್ಕಾರ ಮುಂದಿನ ಮುಖ್ಯ ನ್ಯಾಯಮೂರ್ತಿಯ ಹೆಸರನ್ನು ಪ್ರಕಟಿಸಿತು. ಸೇವಾ ಹಿರಿತನದಲ್ಲಿ ಮೊದಲ ಮೂರು ಸ್ಥಾನಗಳಲ್ಲಿದ್ದ ನ್ಯಾ. ಜೆ.ಎಂ. ಶೇಲತ್, ನ್ಯಾ. ಕೆ.ಎಸ್. ಹೆಗ್ಡೆ ಹಾಗೂ ನ್ಯಾ. ಎ.ಎನ್. ಗ್ರೋವರ್ ಅವರನ್ನು ಬದಿಗಿರಿಸಿ, ನಾಲ್ಕನೆಯವರಾದ ನ್ಯಾ. ಎ.ಎನ್. ರೇ ಅವರನ್ನು ಆ ಹುದ್ದೆಗೆ ಆರಿಸಲಾಗಿತ್ತು. ಹಿಂದಿನ ದಿನದ ತೀರ್ಪಿನಲ್ಲಿ ಮೊದಲ ಮೂವರು ಸರ್ಕಾರದ ವಾದವನ್ನು ಒಪ್ಪದ ಏಳು ಮಂದಿಯ ಸಾಲಿನಲ್ಲಿದ್ದರು. ರೇ ಅವರು ಉಳಿದ ಆರು ಮಂದಿಯ ಸಾಲಿನಲ್ಲಿದ್ದರು. ಮೂವರೂ ರಾಜೀನಾಮೆ ನೀಡಿದರು.

ನ್ಯಾಯಾಧೀಶರಿಗೆ ರಾಜಕೀಯ ಪಾತ್ರವಿದೆಯೇ ಎಂಬ ಪ್ರಶ್ನೆಯನ್ನು ಭಾರತದಲ್ಲಿ ಅಷ್ಟು ಬಹಿರಂಗವಾಗಿ ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ. ಸಂಸತ್ತಿನಲ್ಲಿ ಸರ್ಕಾರದ ನಿರ್ಧಾರವನ್ನು ಸಮರ್ಥಿಸಿದವರು ಅಂದಿನ ಉಕ್ಕು ಸಚಿವ, ಸ್ವತಃ ಹೆಸರಾಂತ ವಕೀಲರಾಗಿದ್ದ ಮೋಹನ್ ಕುಮಾರಮಂಗಲಂ. ಹಿರಿತನವೊಂದೇ ಮಾನದಂಡವಾಗಬಾರದೆಂದು ಕಾನೂನು ಆಯೋಗವೇ 1958ರಲ್ಲಿ ಹೇಳಿದೆ ಎಂಬುದನ್ನು ಅವರು ನೆನಪಿಸಿದರು. ಜೊತೆಗೆ, ನ್ಯಾಯಾಧೀಶರ ಜೀವನದೃಷ್ಟಿ, ಸಾಮಾಜಿಕ ದೃಷ್ಟಿ ಯಾವುದೆಂಬುದನ್ನು ನೋಡುವ ಹಕ್ಕು ಸರ್ಕಾರಕ್ಕಿದೆ ಎಂದೂ ವಾದಿಸಿದರು. ವಿರೋಧಿಗಳು ಇದನ್ನು ನ್ಯಾಯಾಂಗದ ಮೇಲಿನ ದಾಳಿ ಎಂದು ಕರೆದರು. ದಾಳಿ ಹೌದು, ಆದರೆ ಆ ವಾದದೊಳಗೆ ಒಂದು ಸತ್ಯಾಂಶವೂ ಇತ್ತೆಂಬುದನ್ನು ಮರೆಯಬಾರದು. ಭೂಮಿತಿ, ಬ್ಯಾಂಕ್ ರಾಷ್ಟ್ರೀಕರಣ, ರಾಜಧನ ರದ್ದತಿಯಂಥ ವಿಷಯಗಳಲ್ಲಿ ತೀರ್ಪು ಬರೆಯುವವರು ಯಾವ ಪಕ್ಷಕ್ಕೂ ಸೇರದಿದ್ದರೂ, ದೇಶದ ಸಂಪತ್ತು ಮತ್ತು ಅಧಿಕಾರ ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆಗೆ ಉತ್ತರ ಹೇಳುತ್ತಲೇ ಇರುತ್ತಾರೆ.

ಆದ್ದರಿಂದ ಆರಂಭದಲ್ಲೇ ಎರಡು ಸಂಗತಿಗಳನ್ನು ಬೇರ್ಪಡಿಸುವುದು ಅಗತ್ಯ. ಪಕ್ಷ ರಾಜಕಾರಣ ಒಂದು. ಅಧಿಕಾರದ ಎಲ್ಲೆಗಳನ್ನು ಗುರುತಿಸುವ ಕೆಲಸ ಇನ್ನೊಂದು. ಮೊದಲನೆಯದು ನ್ಯಾಯಾಧೀಶರಿಗೆ ನಿಷಿದ್ಧ. ಎರಡನೆಯದನ್ನು ಸಂವಿಧಾನವೇ ಅವರಿಗೆ ವಹಿಸಿದೆ. ಮೂಲಭೂತ ಹಕ್ಕುಗಳಿಗೆ ವಿರುದ್ಧವಾದ ಕಾನೂನು ಅಸಿಂಧು ಎನ್ನುತ್ತದೆ 13ನೇ ವಿಧಿ. ಆ ಹಕ್ಕುಗಳಿಗಾಗಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಲು 32ನೇ ವಿಧಿ ದಾರಿ ಮಾಡಿಕೊಡುತ್ತದೆ. ಹೈಕೋರ್ಟುಗಳಿಗೆ 226ನೇ ವಿಧಿಯ ರಿಟ್ ಅಧಿಕಾರವಿದೆ. ಚುನಾಯಿತ ಸರ್ಕಾರದ ಆದೇಶವನ್ನು ಚುನಾವಣೆಗೆ ನಿಲ್ಲದ ವ್ಯಕ್ತಿಯೊಬ್ಬರು ರದ್ದುಮಾಡಬಹುದಾದ ಈ ವ್ಯವಸ್ಥೆಯಲ್ಲಿ ಘರ್ಷಣೆ ಆಕಸ್ಮಿಕವೇನಲ್ಲ.

ಎಡನೀರಿನ ಮಠ, ಕೌಡೂರಿನ ಹೆಗ್ಡೆ

1973ರ ಆ ತೀರ್ಪು ಕೇಶವಾನಂದ ಭಾರತಿ ಪ್ರಕರಣದ್ದು. ಅರ್ಜಿದಾರರು ಕಾಸರಗೋಡು ಸಮೀಪದ ಎಡನೀರು ಮಠದ ಪೀಠಾಧಿಪತಿಗಳು. ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿಹೋದ ಕನ್ನಡ ನೆಲದ ಮಠವೊಂದು, ಕೇರಳದ ಭೂಸುಧಾರಣಾ ಕಾಯ್ದೆಯಿಂದ ತನ್ನ ಜಮೀನು ಹೋಗುವುದನ್ನು ಪ್ರಶ್ನಿಸಿ 1970ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತ್ತು. ಅಷ್ಟರಲ್ಲಿ ಸಂಸತ್ತು ಸಂವಿಧಾನಕ್ಕೆ 24, 25 ಮತ್ತು 29ನೇ ತಿದ್ದುಪಡಿಗಳನ್ನು ತಂದಿತು. ಹೀಗಾಗಿ ಮಠದ ಜಮೀನಿನ ವ್ಯಾಜ್ಯ ಸಂವಿಧಾನದ ಹಣೆಬರಹದ ವ್ಯಾಜ್ಯವಾಗಿ ಬೆಳೆಯಿತು. ನಾನಿ ಪಾಲ್ಖಿವಾಲಾ ವಾದಿಸಿದರು. ವಿಚಾರಣೆ 68 ದಿನ ನಡೆಯಿತು. ಸಂವಿಧಾನದ ಯಾವುದೇ ಭಾಗವನ್ನು ಸಂಸತ್ತು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು ಏಳು ಮಂದಿ ಹೇಳಿದರು.

ಸ್ವಾಮೀಜಿಗೆ ಇದರಿಂದ ಜಮೀನೇನೂ ಮರಳಿ ಬರಲಿಲ್ಲ. ಭೂಸುಧಾರಣಾ ಕಾಯ್ದೆಗೆ ರಕ್ಷಣೆ ನೀಡಿದ 29ನೇ ತಿದ್ದುಪಡಿಯನ್ನು ನ್ಯಾಯಾಲಯ ಎತ್ತಿಹಿಡಿಯಿತು. 2020ರ ಸೆಪ್ಟೆಂಬರ್ 6ರಂದು ಅವರು ನಿಧನರಾದಾಗ ದೇಶದ ಪತ್ರಿಕೆಗಳೆಲ್ಲ ನೆನೆದದ್ದು ಯಕ್ಷಗಾನದ ಆ ಪೋಷಕರನ್ನಲ್ಲ, ಕಾನೂನು ವಿದ್ಯಾರ್ಥಿಗಳೆಲ್ಲ ಉರುಹೊಡೆಯುವ ಪ್ರಕರಣದ ಹೆಸರನ್ನು.

ಸ್ಥಾನ ತಪ್ಪಿಸಿಕೊಂಡ ಮೂವರಲ್ಲಿ ಕನ್ನಡಿಗರಾದ ಕೌಡೂರು ಸದಾನಂದ ಹೆಗ್ಡೆಯವರ ಬದುಕು ಈ ವಿಷಯದ ಮಟ್ಟಿಗೆ ಒಂದು ಪಾಠಪುಸ್ತಕದಂತಿದೆ. ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ 1909ರಲ್ಲಿ ಜನಿಸಿದ ಅವರು ವಕೀಲರಾದರು. 1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆ ಸೇರಿದರು. 1957ರಲ್ಲಿ ಸದಸ್ಯತ್ವ ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. 1966ರಲ್ಲಿ ದೆಹಲಿ ಹೈಕೋರ್ಟ್ ಸ್ಥಾಪನೆಯಾದಾಗ ಅದರ ಮೊದಲ ಮುಖ್ಯ ನ್ಯಾಯಮೂರ್ತಿ. 1967ರಲ್ಲಿ ಸುಪ್ರೀಂ ಕೋರ್ಟ್. 1973ರಲ್ಲಿ ರಾಜೀನಾಮೆ. 1977ರ ಚುನಾವಣೆಯಲ್ಲಿ ಜನತಾ ಪಕ್ಷದ ಅಭ್ಯರ್ಥಿಯಾಗಿ ಬೆಂಗಳೂರು ದಕ್ಷಿಣದಿಂದ ಗೆದ್ದರು. ಕರ್ನಾಟಕದ 28 ಸ್ಥಾನಗಳ ಪೈಕಿ 26 ಕಾಂಗ್ರೆಸ್ಸಿಗೆ ಹೋದ ಆ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ ದಕ್ಕಿದ್ದು ಎರಡೇ. ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿಯಾದ ಬಳಿಕ ಹೆಗ್ಡೆ ಲೋಕಸಭೆಯ ಸ್ಪೀಕರ್ ಆದರು.

ರಾಜಕಾರಣಿಯಾಗಿದ್ದವರು ನ್ಯಾಯಾಧೀಶರಾಗಿ, ತಮ್ಮನ್ನು ರಾಜ್ಯಸಭೆಗೆ ಕಳಿಸಿದ ಪಕ್ಷದ ಸರ್ಕಾರಕ್ಕೇ ಇಲ್ಲವೆಂದು, ಅದಕ್ಕಾಗಿ ಪದವಿ ಕಳೆದುಕೊಂಡು, ಮತ್ತೆ ರಾಜಕಾರಣಕ್ಕೆ ಮರಳಿದ್ದು ಇದರ ಕಥೆ. ರಾಜಕೀಯ ಹಿನ್ನೆಲೆಯ ವ್ಯಕ್ತಿ ನಿಷ್ಪಕ್ಷಪಾತಿಯಾಗಲಾರ ಎಂಬ ಸರಳ ನಂಬಿಕೆಗೆ ಇದು ಉತ್ತರ. ಕೇರಳದಲ್ಲಿ ಇ.ಎಂ.ಎಸ್. ಸಂಪುಟದ ಸಚಿವರಾಗಿದ್ದು ನಂತರ ಸುಪ್ರೀಂ ಕೋರ್ಟಿಗೆ ಬಂದ ನ್ಯಾ. ವಿ.ಆರ್. ಕೃಷ್ಣ ಅಯ್ಯರ್ ಅವರದು ಇನ್ನೊಂದು ಉದಾಹರಣೆ. ಆದರೆ ವಿರುದ್ಧ ದಿಕ್ಕಿನ ನಿದರ್ಶನವೂ ಇದೆ. ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯರಾಗಿದ್ದು ಹೈಕೋರ್ಟ್ ಸೇರಿದ್ದ ಬಹರುಲ್ ಇಸ್ಲಾಂ, ಅಲ್ಲಿಂದ ನಿವೃತ್ತರಾದ ಬಳಿಕ 1980ರಲ್ಲಿ ಸುಪ್ರೀಂ ಕೋರ್ಟಿಗೆ ನೇಮಕಗೊಂಡರು. 1983ರಲ್ಲಿ ಆ ಸ್ಥಾನ ಬಿಟ್ಟು ಅದೇ ಪಕ್ಷದಿಂದ ಮತ್ತೆ ರಾಜ್ಯಸಭೆಗೆ ಹೋದರು.

ತುರ್ತು ಪರಿಸ್ಥಿತಿಯ ಪರೀಕ್ಷೆ

ಅಲಹಾಬಾದ್ ಹೈಕೋರ್ಟಿನ ನ್ಯಾ. ಜಗಮೋಹನಲಾಲ್ ಸಿನ್ಹಾ 1975ರ ಜೂನ್ 12ರಂದು ಪ್ರಧಾನಿ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುಗೊಳಿಸಿದರು. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಆ ವೇಳೆ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದರು; ಇಲ್ಲಿಯೇ ಬಂಧಿತರಾದರು. ಆ ಸಮಿತಿ ಪರಿಶೀಲಿಸುತ್ತಿದ್ದುದು ಪಕ್ಷಾಂತರ ತಡೆಯ ಮಸೂದೆಯನ್ನು ಎಂಬುದು, ಮುಂದೆ ಇದೇ ಊರಿನಲ್ಲಿ ನಡೆದುದನ್ನು ನೆನೆದರೆ, ವಿಧಿಯ ಅಣಕದಂತೆ ಕಾಣುತ್ತದೆ.

ಬಂಧಿತರ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ವಿಚಾರಣೆಗೆ ಯೋಗ್ಯವೆಂದು ಒಪ್ಪಿದ ಹೈಕೋರ್ಟುಗಳಲ್ಲಿ ಕರ್ನಾಟಕ ಹೈಕೋರ್ಟೂ ಒಂದು. ಸುಪ್ರೀಂ ಕೋರ್ಟ್ ಮಾತ್ರ 1976ರ ಏಪ್ರಿಲ್ 28ರಂದು, ತುರ್ತು ಪರಿಸ್ಥಿತಿ ಇರುವವರೆಗೆ ಬಂಧನವನ್ನು ಪ್ರಶ್ನಿಸುವ ಹಕ್ಕು ಯಾರಿಗೂ ಇಲ್ಲವೆಂದು ನಾಲ್ಕಕ್ಕೆ ಒಂದರ ಬಹುಮತದಲ್ಲಿ ಹೇಳಿತು. ಒಪ್ಪದ ಒಬ್ಬರು ನ್ಯಾ. ಎಚ್.ಆರ್. ಖನ್ನಾ. 1977ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರನ್ನು ದಾಟಿ ನ್ಯಾ. ಎಂ.ಎಚ್. ಬೇಗ್ ಅವರಿಗೆ ಹೋಯಿತು. ಖನ್ನಾ ರಾಜೀನಾಮೆ ನೀಡಿದರು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೈಕೋರ್ಟುಗಳ 16 ನ್ಯಾಯಾಧೀಶರ ವರ್ಗಾವಣೆ ನಡೆಯಿತು. ಕರ್ನಾಟಕದ ನ್ಯಾ. ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ ಹೋಗಬೇಕಾಯಿತು.

1976ರ ಆ ತೀರ್ಪನ್ನು ಸುಪ್ರೀಂ ಕೋರ್ಟ್ ಸ್ಪಷ್ಟ ಮಾತುಗಳಲ್ಲಿ ತಳ್ಳಿಹಾಕಲು 41 ವರ್ಷ ಹಿಡಿಯಿತು. 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಕೆಲಸ ಮಾಡಿತು. ಆ ಪ್ರಕರಣದ ಮೊದಲ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಬೊಮ್ಮಾಯಿ ಪ್ರಕರಣ

ನ್ಯಾಯಾಲಯವೊಂದು ರಾಜಕಾರಣದ ಆಟದ ನಿಯಮವನ್ನೇ ಬದಲಿಸಿದ ಉದಾಹರಣೆ ಬೇಕಿದ್ದರೆ ಬೆಂಗಳೂರಿನ ರಾಜಭವನದತ್ತ ನೋಡಬೇಕು. 1988ರ ಆಗಸ್ಟ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು. 1989ರ ಏಪ್ರಿಲ್ 15ರಂದು ಸಂಪುಟ ವಿಸ್ತರಣೆಯಾಯಿತು. ವಿಸ್ತರಣೆಯಾದಾಗ ಅತೃಪ್ತಿ ಹೊಗೆಯಾಡುವುದು ಕರ್ನಾಟಕಕ್ಕೆ ಹೊಸತಲ್ಲ. ಎರಡೇ ದಿನಗಳಲ್ಲಿ ಶಾಸಕ ಕೆ.ಆರ್. ಮೊಳಕೇರಿ ಪಕ್ಷ ತೊರೆದರು. 19 ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆಂಬ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ಸಲ್ಲಿಸಿದರು. ರಾಜ್ಯಪಾಲರು ಏಪ್ರಿಲ್ 19ರಂದು ರಾಷ್ಟ್ರಪತಿಗೆ ವರದಿ ಕಳುಹಿಸಿದರು. ಮರುದಿನ ಆ 19 ಮಂದಿಯ ಪೈಕಿ ಏಳು ಮಂದಿ, ತಮ್ಮನ್ನು ತಪ್ಪು ತಿಳಿವಳಿಕೆಗೆ ಒಳಪಡಿಸಿ ಸಹಿ ಪಡೆಯಲಾಗಿದೆ, ತಾವು ಸರ್ಕಾರದ ಜೊತೆಗಿದ್ದೇವೆ ಎಂದು ಬರೆದರು. ಅಂದೇ ಬೊಮ್ಮಾಯಿ ರಾಜ್ಯಪಾಲರನ್ನು ಕಂಡು, ವಿಧಾನಸಭೆ ಕರೆಯಿರಿ, ಬಹುಮತ ತೋರಿಸುತ್ತೇನೆ ಎಂದರು. ರಾಜ್ಯಪಾಲರು ಒಪ್ಪಲಿಲ್ಲ. ಏಪ್ರಿಲ್ 21ರಂದು 356ನೇ ವಿಧಿಯಡಿ ಸರ್ಕಾರ ವಜಾಗೊಂಡು ವಿಧಾನಸಭೆ ವಿಸರ್ಜನೆಯಾಯಿತು.

ಕರ್ನಾಟಕ ಹೈಕೋರ್ಟಿನ ಮೂವರು ನ್ಯಾಯಾಧೀಶರ ಪೀಠ ಬೊಮ್ಮಾಯಿ ಅವರ ಅರ್ಜಿಯನ್ನು ವಜಾಮಾಡಿತು. ರಾಜ್ಯಪಾಲರು ಸದನದ ಬಲಾಬಲ ಪರೀಕ್ಷೆಗೆ ಅವಕಾಶ ಕೊಡಲೇಬೇಕೆಂದೇನೂ ಇಲ್ಲ ಎಂಬುದು ಅಂದಿನ ತಿಳಿವಳಿಕೆಯಾಗಿತ್ತು. ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಯಿತು. ನಾಗಾಲ್ಯಾಂಡ್, ಮೇಘಾಲಯಗಳ ಪ್ರಕರಣಗಳೂ, ಬಾಬರಿ ಮಸೀದಿ ಧ್ವಂಸದ ನಂತರ 1992ರ ಡಿಸೆಂಬರ್‌ನಲ್ಲಿ ವಜಾಗೊಂಡ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಬಿಜೆಪಿ ಸರ್ಕಾರಗಳ ಪ್ರಕರಣಗಳೂ ಅದರ ಜೊತೆ ಸೇರಿದವು.

1994ರ ಮಾರ್ಚ್ 11ರಂದು ಬಂದ ತೀರ್ಪಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳೂ ಒಂದೇ ದನಿಯಲ್ಲಿ ಮಾತನಾಡಲಿಲ್ಲ. ಇಂಥ ರಾಜಕೀಯ ನಿರ್ಧಾರವನ್ನು ತೂಗುವ ತಕ್ಕಡಿ ನ್ಯಾಯಾಲಯದ ಬಳಿ ಇದೆಯೇ ಎಂದು ಶಂಕಿಸಿದವರೂ ಪೀಠದಲ್ಲಿದ್ದರು. ಆದರೆ ಬಹುಮತದ ಅಭಿಪ್ರಾಯ ಸ್ಪಷ್ಟವಾಗಿತ್ತು. ಸರ್ಕಾರಕ್ಕೆ ಬಹುಮತವಿದೆಯೇ ಎಂಬುದು ತೀರ್ಮಾನವಾಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ. ರಾಷ್ಟ್ರಪತಿಯ ಘೋಷಣೆ ನ್ಯಾಯಾಂಗದ ಪರಿಶೀಲನೆಗೆ ಒಳಪಟ್ಟದ್ದು. ಸಂಸತ್ತಿನ ಒಪ್ಪಿಗೆ ಸಿಗುವ ಮೊದಲು ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಕರ್ನಾಟಕದ ಘೋಷಣೆ ಅಸಾಂವಿಧಾನಿಕವಾಗಿತ್ತು. ಮತ್ತೊಂದು ಬದಿಯಲ್ಲಿ, ಜಾತ್ಯತೀತತೆ ಸಂವಿಧಾನದ ಮೂಲ ಲಕ್ಷಣವೆಂದು ಹೇಳಿ ಮೂರು ಬಿಜೆಪಿ ಸರ್ಕಾರಗಳ ವಜಾವನ್ನು ಎತ್ತಿಹಿಡಿಯಲಾಯಿತು.

ಎಡನೀರಿನ ಸ್ವಾಮೀಜಿಯಂತೆ ಬೊಮ್ಮಾಯಿ ಅವರಿಗೂ ಗೆಲುವು ಕೈಗೆಟುಕುವ ರೂಪದಲ್ಲಿ ಬರಲಿಲ್ಲ. 1989ರ ಕೊನೆಯಲ್ಲೇ ಚುನಾವಣೆ ನಡೆದು ಬೇರೆ ಸರ್ಕಾರ ಬಂದಿತ್ತು. ಕಳೆದುಹೋದ ಕುರ್ಚಿಯನ್ನು ಐದು ವರ್ಷಗಳ ನಂತರದ ತೀರ್ಪು ಮರಳಿಸಲಾರದು. ಆದರೆ ನಂತರದವರಿಗೆ ಅದು ಗುರಾಣಿಯಾಯಿತು. 2016ರಲ್ಲಿ ಉತ್ತರಾಖಂಡದಲ್ಲಿ ಸುಪ್ರೀಂ ಕೋರ್ಟಿನ ನಿಗಾದಲ್ಲಿ ವಿಶ್ವಾಸಮತ ಪರೀಕ್ಷೆ ನಡೆದು ವಜಾಗೊಂಡಿದ್ದ ಸರ್ಕಾರ ಮರಳಿತು. ಅದೇ ವರ್ಷ ಅರುಣಾಚಲದಲ್ಲೂ ಹಳೆಯ ಸರ್ಕಾರವನ್ನು ನ್ಯಾಯಾಲಯ ಪುನಃಸ್ಥಾಪಿಸಿತು. ದಶಕಗಳ ಕಾಲ ಮನಬಂದಂತೆ ಬಳಕೆಯಾದ 356ನೇ ವಿಧಿಯ ಧಾರ್ಷ್ಟ್ಯವನ್ನು ಇಳಿಸಿದ ಶ್ರೇಯಸ್ಸು ಯಾವ ಪಕ್ಷಕ್ಕೂ ಸಲ್ಲುವುದಿಲ್ಲ, ಈ ತೀರ್ಪಿಗೆ ಸಲ್ಲುತ್ತದೆ.

ತೀರ್ಪಿಗಿಂತ ದಿನಾಂಕ ದೊಡ್ಡದು

ಬೊಮ್ಮಾಯಿ ಪ್ರಕರಣ ಇನ್ನೊಂದು ಸಂಗತಿಯನ್ನೂ ಕಲಿಸುತ್ತದೆ. ನ್ಯಾಯಾಲಯ ಏನು ಹೇಳಿತು ಎಂಬಷ್ಟೇ, ಯಾವಾಗ ಹೇಳಿತು ಎಂಬುದು ರಾಜಕಾರಣದಲ್ಲಿ ನಿರ್ಣಾಯಕ. ಕರ್ನಾಟಕದ ಮುಂದಿನ ಮೂರು ಪ್ರಕರಣಗಳನ್ನು ಒಂದರ ಪಕ್ಕ ಒಂದಿಟ್ಟರೆ ಇದು ತಿಳಿಯುತ್ತದೆ.

2010ರ ಅಕ್ಟೋಬರ್‌ನಲ್ಲಿ ಬಿ.ಎಸ್. ಯಡಿಯೂರಪ್ಪ ಸರ್ಕಾರದ ವಿರುದ್ಧ ಬಂಡೆದ್ದ ಬಿಜೆಪಿಯ 11 ಶಾಸಕರು ಹಾಗೂ ಐವರು ಪಕ್ಷೇತರರನ್ನು ಸ್ಪೀಕರ್ ಕೆ.ಜಿ. ಬೋಪಯ್ಯ ಅನರ್ಹಗೊಳಿಸಿದರು. ಸರ್ಕಾರ ವಿಶ್ವಾಸಮತ ಗೆದ್ದಿತು. ಆ ಅನರ್ಹತೆ ತಪ್ಪೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2011ರ ಮೇ 13ರಂದು. ಸ್ಪೀಕರ್ ಆದೇಶ ಬಿದ್ದುಹೋಯಿತು, ಆದರೆ ಅದು ಮಾಡಬೇಕಿದ್ದ ಕೆಲಸ ಏಳು ತಿಂಗಳ ಹಿಂದೆಯೇ ಮುಗಿದಿತ್ತು.

2018ರಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. 104 ಸ್ಥಾನ ಪಡೆದ ಬಿಜೆಪಿಯ ಯಡಿಯೂರಪ್ಪ ಅವರನ್ನು ರಾಜ್ಯಪಾಲ ವಜುಭಾಯಿ ವಾಲಾ ಸರ್ಕಾರ ರಚನೆಗೆ ಆಹ್ವಾನಿಸಿ, ಬಹುಮತ ಸಾಬೀತಿಗೆ 15 ದಿನ ಕೊಟ್ಟರು. ಕಾಂಗ್ರೆಸ್ ಮತ್ತು ಜೆಡಿಎಸ್ ರಾತ್ರೋರಾತ್ರಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದವು. ಮೇ 17ರ ನಸುಕಿನಲ್ಲಿ, ಊರೆಲ್ಲ ಮಲಗಿರುವಾಗ, ನ್ಯಾ. ಎ.ಕೆ. ಸಿಕ್ರಿ, ನ್ಯಾ. ಎಸ್.ಎ. ಬೋಬ್ಡೆ, ನ್ಯಾ. ಅಶೋಕ್ ಭೂಷಣ್ ಅವರ ಪೀಠ ವಾದ ಆಲಿಸಿತು. ಪ್ರಮಾಣವಚನಕ್ಕೆ ತಡೆ ಸಿಗಲಿಲ್ಲ. ಆದರೆ ಮರುದಿನ ಪೀಠ 15 ದಿನದ ಗಡುವನ್ನು ಒಂದು ದಿನಕ್ಕೆ ಇಳಿಸಿತು. ಮೇ 19ರಂದು ಮತದಾನಕ್ಕೆ ಮೊದಲೇ ಯಡಿಯೂರಪ್ಪ ರಾಜೀನಾಮೆ ಘೋಷಿಸಿದರು. ಸರ್ಕಾರ ಬಿದ್ದುದಕ್ಕೆ ಕಾರಣ ಸಂಖ್ಯೆ. ಸಂಖ್ಯೆ ಕೂಡಿಸಿಕೊಳ್ಳಲು ಸಮಯವಿಲ್ಲದಂತೆ ಮಾಡಿದ್ದು ನ್ಯಾಯಾಲಯ.

ಮರುವರ್ಷ ಆಡಳಿತದಲ್ಲಿದ್ದ ಮೈತ್ರಿಕೂಟದ ಶಾಸಕರು ರಾಜೀನಾಮೆ ಕೊಟ್ಟು ಮುಂಬೈ ಸೇರಿದರು. ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ರಾಜೀನಾಮೆಗಳನ್ನು ತಕ್ಷಣ ಅಂಗೀಕರಿಸಲಿಲ್ಲ. ವಿಶ್ವಾಸಮತಕ್ಕೆ ಹಾಜರಾಗುವಂತೆ ಆ ಶಾಸಕರನ್ನು ಬಲವಂತಪಡಿಸಬಾರದೆಂದು ಸುಪ್ರೀಂ ಕೋರ್ಟ್ 2019ರ ಜುಲೈ 17ರಂದು ಮಧ್ಯಂತರ ಆದೇಶ ನೀಡಿತು. ಪಕ್ಷದ ವಿಪ್ ಹಲ್ಲಿಲ್ಲದ ಹಾವಾಯಿತು. ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಸರ್ಕಾರ 99-105 ಮತಗಳಿಂದ ಉರುಳಿತು. ಸ್ಪೀಕರ್ 17 ಶಾಸಕರನ್ನು ವಿಧಾನಸಭೆಯ ಅವಧಿ ಮುಗಿಯುವವರೆಗೆ ಅನರ್ಹಗೊಳಿಸಿದರು. ನವೆಂಬರ್ 13ರ ಅಂತಿಮ ತೀರ್ಪು ಅನರ್ಹತೆ ಸರಿ, ಆದರೆ ಅವಧಿ ನಿಗದಿಪಡಿಸುವ ಅಧಿಕಾರ ಸ್ಪೀಕರ್‌ಗಿಲ್ಲ ಎಂದಿತು. ಅನರ್ಹರು ಮತ್ತೆ ಕಣಕ್ಕಿಳಿಯಬಹುದಾಯಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ 15 ಕ್ಷೇತ್ರಗಳ ಪೈಕಿ ಬಿಜೆಪಿ 12ರಲ್ಲಿ ಗೆದ್ದಿತು. ಮಧ್ಯಂತರ ಆದೇಶ ಅಂತಿಮ ತೀರ್ಪಲ್ಲ ಎಂಬುದು ಕಾನೂನಿನ ಮಾತು. ಸರ್ಕಾರದ ಆಯುಷ್ಯದ ಲೆಕ್ಕದಲ್ಲಿ ಅಂತಿಮವಾದದ್ದು ಆ ಮಧ್ಯಂತರ ಆದೇಶವೇ.

ಹಾಗೆಂದು ಮೂರೂ ಪೀಠಗಳು ಪಕ್ಷಪಾತ ಮಾಡಿದವೆಂದು ಅರ್ಥವಲ್ಲ. ಮೂರರಲ್ಲಿ ಲಾಭ ಪಡೆದವರೂ ಒಂದೇ ಪಕ್ಷದವರಲ್ಲ. ಯಾವ ಅರ್ಜಿ ಇಂದು ರಾತ್ರಿಯೇ, ಯಾವುದು ಮುಂದಿನ ವರ್ಷ ಎಂಬ ತೀರ್ಮಾನಕ್ಕೆ ಬರೆದಿಟ್ಟ ನಿಯಮವಿಲ್ಲದಿರುವುದು ತೊಡಕು. 2018ರ ಜನವರಿ 12ರಂದು ಸುಪ್ರೀಂ ಕೋರ್ಟಿನ ನಾಲ್ವರು ಹಿರಿಯ ನ್ಯಾಯಮೂರ್ತಿಗಳು ಪತ್ರಿಕಾಗೋಷ್ಠಿ ಕರೆದು, ಮುಖ್ಯ ಪ್ರಕರಣಗಳನ್ನು ಪೀಠಗಳಿಗೆ ಹಂಚುವ ರೀತಿಯ ಬಗ್ಗೆಯೇ ಅಸಮಾಧಾನ ತೋಡಿಕೊಂಡರು. ಚುನಾವಣಾ ಬಾಂಡ್ ಯೋಜನೆಯ ವಿರುದ್ಧದ ಅರ್ಜಿಗಳು 2017ರಿಂದಲೇ ಇದ್ದವು. ಅದು ಅಸಾಂವಿಧಾನಿಕವೆಂಬ ತೀರ್ಪು ಬಂದದ್ದು 2024ರ ಫೆಬ್ರವರಿ 15ರಂದು. ನಡುವೆ ಒಂದು ಲೋಕಸಭಾ ಚುನಾವಣೆ ಆಗಿಹೋಗಿತ್ತು.

ನೇಮಿಸುವವರು ಯಾರು?

ನ್ಯಾಯಾಧೀಶರ ನೇಮಕಕ್ಕೆ ಮುಖ್ಯ ನ್ಯಾಯಮೂರ್ತಿಯ ಸಮ್ಮತಿ ಕಡ್ಡಾಯವಾಗಬೇಕೆಂಬ ಸಲಹೆ ಸಂವಿಧಾನ ಸಭೆಯಲ್ಲೇ ಬಂದಿತ್ತು. 1949ರ ಮೇ 24ರಂದು ಅದಕ್ಕೆ ಉತ್ತರಿಸಿದ ಡಾ. ಅಂಬೇಡ್ಕರ್, ಮುಖ್ಯ ನ್ಯಾಯಮೂರ್ತಿಯೂ ಸಾಮಾನ್ಯ ಮನುಷ್ಯರಂತೆ ಒಲವು, ದೌರ್ಬಲ್ಯಗಳುಳ್ಳವರು. ಅವರೊಬ್ಬರಿಗೆ ಅಂಥ ಅಧಿಕಾರ ಕೊಡುವುದು ಅಪಾಯಕಾರಿ ಎಂಬರ್ಥದ ಮಾತು ಹೇಳಿದ್ದರು. ಆದರೆ 1973 ಮತ್ತು 1977ರ ಕಹಿ ಅನುಭವ ನ್ಯಾಯಾಂಗವನ್ನು ಬೇರೆ ದಾರಿಗೆ ತಳ್ಳಿತು. 1993ರ ತೀರ್ಪಿನ ಮೂಲಕ ನೇಮಕದ ಕೀಲಿಕೈ ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ ಕೈಗೆ ಬಂದಿತು. ಸಂಸತ್ತು ತಂದ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗವನ್ನು 2015ರ ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟ್ ನಾಲ್ಕಕ್ಕೆ ಒಂದರ ಬಹುಮತದಲ್ಲಿ ರದ್ದುಪಡಿಸಿತು. ಸರ್ಕಾರದ ಹಿಡಿತ ತಪ್ಪಿತು ನಿಜ. ಮುಚ್ಚಿದ ಬಾಗಿಲಿನ ಹಿಂದೆ ನಡೆಯುವ ಆಯ್ಕೆಗೆ ಹೊಣೆ ಯಾರು ಎಂಬ ಪ್ರಶ್ನೆ ಉಳಿಯಿತು. ಕೊಲಿಜಿಯಂ ಕಳಿಸಿದ ಹೆಸರುಗಳ ಮೇಲೆ ಸರ್ಕಾರ ಸುಮ್ಮನೆ ಕುಳಿತುಬಿಡುವ ಹೊಸ ತಂತ್ರವೂ ಹುಟ್ಟಿಕೊಂಡಿತು.

ನಿವೃತ್ತಿಯ ನಂತರದ ಹುದ್ದೆಗಳ ಪ್ರಶ್ನೆ ಇದಕ್ಕಿಂತ ಮುಜುಗರದ್ದು. ಮುಖ್ಯ ನ್ಯಾಯಮೂರ್ತಿಯಾಗಿದ್ದ ಕೆ. ಸುಬ್ಬರಾವ್ 1967ರಲ್ಲಿ ಹುದ್ದೆ ಬಿಟ್ಟು ರಾಷ್ಟ್ರಪತಿ ಚುನಾವಣೆಗೆ ವಿರೋಧ ಪಕ್ಷಗಳ ಅಭ್ಯರ್ಥಿಯಾಗಿ ನಿಂತು ಸೋತರು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ 2014ರಲ್ಲಿ ಕೇರಳದ ರಾಜ್ಯಪಾಲರಾದರು. 2019ರ ನವೆಂಬರ್‌ನಲ್ಲಿ ನಿವೃತ್ತರಾದ ರಂಜನ್ ಗೊಗೊಯ್ 2020ರ ಮಾರ್ಚ್‌ನಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ದಕ್ಷಿಣ ಕನ್ನಡದ ಬೆಳುವಾಯಿ ಮೂಲದ ನ್ಯಾ. ಎಸ್. ಅಬ್ದುಲ್ ನಜೀರ್ 2023ರ ಜನವರಿ 4ರಂದು ನಿವೃತ್ತರಾಗಿ, ಫೆಬ್ರವರಿ 12ರಂದು ಆಂಧ್ರಪ್ರದೇಶದ ರಾಜ್ಯಪಾಲರಾಗಿ ನೇಮಕಗೊಂಡರು. ಕಾನೂನಿನಲ್ಲಿ ಇದಕ್ಕೆ ಅಡ್ಡಿಯಿಲ್ಲ. ಯಾರ ತೀರ್ಪೂ ಹುದ್ದೆಗಾಗಿ ಬರೆದದ್ದೆಂದು ಹೇಳಲು ಆಧಾರವೂ ಬೇಕು. ಆದರೆ ಸರ್ಕಾರದ ವಿರುದ್ಧ ಮೊಕದ್ದಮೆ ಹೂಡಿದ ಸಾಮಾನ್ಯನೊಬ್ಬನ ಮನಸ್ಸಿನಲ್ಲಿ ಅನುಮಾನ ಸುಳಿಯುವಂತಾದರೆ ನಷ್ಟ ಆಗಲೇ ಆಗಿರುತ್ತದೆ. ಕನಿಷ್ಠ ಎರಡು ವರ್ಷಗಳ ಅಂತರವಾದರೂ ಇರಲಿ ಎಂಬ ಸಲಹೆ ಬಹುಕಾಲದಿಂದ ಕೇಳಿಬರುತ್ತಿದ್ದು, ಯಾವ ಪಕ್ಷದ ಸರ್ಕಾರವೂ ಕಿವಿಗೊಟ್ಟಿಲ್ಲ.

ನಿವೃತ್ತ ನ್ಯಾಯಾಧೀಶರ ಹುದ್ದೆಯೇ ಅಧಿಕಾರಸ್ಥರನ್ನು ನಡುಗಿಸಿದ ಉದಾಹರಣೆಯೂ ಕರ್ನಾಟಕದಲ್ಲೇ ಇದೆ. ಸುಪ್ರೀಂ ಕೋರ್ಟಿನಿಂದ ನಿವೃತ್ತರಾಗಿ 2006ರಲ್ಲಿ ಲೋಕಾಯುಕ್ತರಾದ ನ್ಯಾ. ಎನ್. ಸಂತೋಷ್ ಹೆಗ್ಡೆ, ಅಕ್ರಮ ಗಣಿಗಾರಿಕೆ ಕುರಿತ ವರದಿಯನ್ನು 2011ರ ಜುಲೈ 27ರಂದು ಸಲ್ಲಿಸಿದರು. ನಾಲ್ಕು ದಿನಗಳಲ್ಲಿ ಮುಖ್ಯಮಂತ್ರಿ ರಾಜೀನಾಮೆ ನೀಡಿದರು. ಸಂತೋಷ್ ಹೆಗ್ಡೆ, 1973ರಲ್ಲಿ ಸ್ಥಾನ ತಪ್ಪಿಸಿಕೊಂಡ ಕೆ.ಎಸ್. ಹೆಗ್ಡೆಯವರ ಪುತ್ರ.

ಎಲ್ಲೆ ಎಲ್ಲಿಯವರೆಗೆ?

ಶಾಸಕಾಂಗ ಸುಮ್ಮನಿದ್ದಾಗ ನ್ಯಾಯಾಲಯ ತಾನೇ ನಿಯಮ ರೂಪಿಸಬಹುದೇ ಎಂಬುದು ಉಳಿದ ವಿವಾದ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಗೆ 1997ರಲ್ಲಿ ವಿಶಾಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಮಾರ್ಗಸೂಚಿಯೇ 16 ವರ್ಷ ಕಾನೂನಿನಂತೆ ನಡೆಯಿತು. ಸಂಸತ್ತು ಕಾಯ್ದೆ ಮಾಡಿದ್ದು 2013ರಲ್ಲಿ. ಅದನ್ನು ಅತಿಕ್ರಮಣವೆಂದು ದೂರಿದವರು ವಿರಳ. ರಾಜ್ಯಪಾಲರ ವಿಷಯದಲ್ಲಿ ಹಾಗಾಗಲಿಲ್ಲ. ವಿಧಾನಸಭೆ ಅಂಗೀಕರಿಸಿದ ಮಸೂದೆಗಳನ್ನು ರಾಜ್ಯಪಾಲರು ಅನಿರ್ದಿಷ್ಟವಾಗಿ ಇಟ್ಟುಕೊಳ್ಳುವುದರ ವಿರುದ್ಧ ತಮಿಳುನಾಡು ಹೂಡಿದ ದಾವೆಯಲ್ಲಿ 2025ರ ಏಪ್ರಿಲ್ 8ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ರಾಜ್ಯಪಾಲರಿಗೂ ರಾಷ್ಟ್ರಪತಿಗೂ ಕಾಲಮಿತಿ ವಿಧಿಸಿತು. ರಾಷ್ಟ್ರಪತಿ ಈ ಕುರಿತು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ಐವರು ನ್ಯಾಯಮೂರ್ತಿಗಳ ಪೀಠ 2025ರ ನವೆಂಬರ್ 20ರಂದು, ಸಂವಿಧಾನದಲ್ಲಿ ಇಲ್ಲದ ಕಾಲಮಿತಿಯನ್ನು ನ್ಯಾಯಾಲಯ ಹೇರುವಂತಿಲ್ಲ ಎಂದು ಅಭಿಪ್ರಾಯಪಟ್ಟಿತು. ಜೊತೆಗೆ, ಕಾರಣವಿಲ್ಲದೆ ದೀರ್ಘಕಾಲ ಸುಮ್ಮನಿರುವ ರಾಜ್ಯಪಾಲರಿಗೆ ನಿರ್ಧಾರ ಕೈಗೊಳ್ಳುವಂತೆ ಸೀಮಿತ ನಿರ್ದೇಶನ ನೀಡಬಹುದು ಎಂದೂ ಹೇಳಿತು. ದೀರ್ಘಕಾಲ ಎಂದರೆ ಎಷ್ಟು ದಿನ ಎಂಬುದನ್ನು ಇನ್ನು ಮುಂದೆ ಪ್ರತಿ ರಾಜ್ಯವೂ ತನ್ನ ತನ್ನ ಮಸೂದೆಯ ಕಡತ ಹಿಡಿದು ನ್ಯಾಯಾಲಯದಲ್ಲೇ ಕೇಳಬೇಕಾಗುತ್ತದೆ.